ಬಲಗೈ ಮೇಲಿನ ಹೆಸರು

ಆ ಮಾತನ್ನು ಅವಳು ಯಾವ ಭಾಷೆಯಲ್ಲಿ ಹೇಳಿದಳು ಎಂಬುದು ನನಗೆ ಖಚಿತವಿಲ್ಲ. ಕನ್ನಡದಲ್ಲಿ ಎಂದು ನನ್ನ ನೆನಪು. ಆ ಮನೆಯ ಯಜಮಾನಿಯನ್ನು ಕೇಳಿದರೆ ಅರ್ಧ ಮಲಯ್, ಅರ್ಧ ಕೊಂಕಣಿ ಎನ್ನುತ್ತಾರೆ. ಅವರ ಗಂಡನ ಪ್ರಕಾರ ಅದು ಇಂಗ್ಲಿಷ್, ಅದರಲ್ಲಿ ಅನುಮಾನವೇ ಇಲ್ಲ. ಮೂವರೂ ಒಂದೇ ಕೋಣೆಯಲ್ಲಿ ಇದ್ದೆವು, ಮೂವರ ಕಿವಿಯೂ ನೆಟ್ಟಗಿವೆ. ಹೊರಗೆ ಜೋರು ಮಳೆ ಸುರಿಯುತ್ತಿತ್ತು ಎಂದೂ ನನಗೆ ನೆನಪಿದೆ. ಆದರೆ ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ಮಧ್ಯಾಹ್ನ ಕಳೆದ ಮೇಲೆ ಮಳೆ ಬರುವುದು ಎಷ್ಟು ಮಾಮೂಲೆಂದರೆ, ನೆನಪು ಬರಿದಾದ ಕಡೆಯೆಲ್ಲ ನನ್ನ ತಲೆ ತಾನಾಗಿ ಮಳೆ ತುಂಬಿಕೊಳ್ಳುತ್ತದೆ. ಸಾಕ್ಷಿಗಳ ಹೇಳಿಕೆ ಹೀಗೆ ಒಂದಕ್ಕೊಂದು ಕೂಡದೆ ಹೋದಾಗ ಏನು ಮಾಡಬೇಕೆಂದು ಧಾರವಾಡದಲ್ಲಿ ಎಂ.ಎ. ಓದುವಾಗ ನಮಗೆ ಕಲಿಸಿದ್ದರು. ಆ ವಿದ್ಯೆ ಸಾವಿರಾರು ಮೈಲಿ ಆಚೆಯ, ಎರಡೂವರೆ ಸಾವಿರ ವರ್ಷ ಹಿಂದಿನ ಜನರ ಮೇಲೆ ಚೆನ್ನಾಗಿ ನಡೆಯುತ್ತದೆ. ಎದುರಿಗೇ ನಡೆದದ್ದರ ಮೇಲೆ ನಡೆಯುವುದಿಲ್ಲ.

ನಾನು ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಅಕೌಂಟ್ಸು, ಕಂಪ್ಯೂಟರು ಓದಲು ಬಂದ ಮಕ್ಕಳು ಕಡ್ಡಾಯವೆಂದು ಕೂತು ಕೇಳುವ ಲೋಕ ಇತಿಹಾಸ ನನ್ನ ಪಾಲಿನದು. ಆದರೆ ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ವಿಷಯ ಬೇರೆ: ಬ್ಯಾಬಿಲೋನಿನಲ್ಲಿ ಮನುಷ್ಯರನ್ನು ಹೇಗೆ ಮಾರುತ್ತಿದ್ದರು ಎಂಬುದು. ಅದರಲ್ಲೂ ಪರ್ಷಿಯಾದ ದೊರೆಗಳು ಆ ಊರನ್ನು ಗೆದ್ದುಕೊಂಡ ಕಾಲದ ಮಾರಾಟ. ದೊರೆ ಬದಲಾದ, ಸೈನ್ಯ ಬದಲಾಯಿತು, ವ್ಯಾಪಾರ ಮಾತ್ರ ನಿನ್ನೆಯಂತೆಯೇ ನಡೆಯಿತು. ಬ್ಯಾಬಿಲೋನಿನ ವರ್ತಕರು ಪರ್ಷಿಯಾದ ಊರುಗಳವರೆಗೂ ಹೋಗಿ ಗುಲಾಮರನ್ನು ಕೊಂಡರು. ಮಾರುವವನು ಹಸಿ ಮಣ್ಣಿನ ಹಲಗೆಯ ಮೇಲೆ ಭರವಸೆ ಬರೆಸಿಕೊಡುತ್ತಿದ್ದ: ಈ ಹೆಂಗಸಿನ ಮೇಲೆ ಬೇರೆ ಯಾರ ಹಕ್ಕೂ ಇಲ್ಲ, ಇವಳು ಅರಮನೆಯ ಆಳಲ್ಲ, ಸ್ವತಂತ್ರ ಮನೆತನದವಳೂ ಅಲ್ಲ, ಮುಂದೆ ಯಾರಾದರೂ ತಕರಾರು ತೆಗೆದರೆ ನಾನು ಹೊಣೆ. ಅದಕ್ಕೂ ಬಹಳ ಹಿಂದಿನ ಕಾನೂನಿನಲ್ಲಿ, ಕೊಂಡ ಆಳಿಗೆ ಒಂದು ತಿಂಗಳೊಳಗೆ ಮೂರ್ಛೆ ರೋಗ ಕಾಣಿಸಿಕೊಂಡರೆ ಹಿಂದಕ್ಕೆ ಕೊಟ್ಟು ಬೆಳ್ಳಿ ವಾಪಸು ಪಡೆಯಬಹುದಿತ್ತು. ಇದನ್ನೆಲ್ಲ ಹೇಳಲು ಶುರು ಮಾಡಿದರೆ ನನ್ನ ಧ್ವನಿ ಏರುತ್ತದೆ, ಕೈಗಳು ತಾವಾಗಿ ಆಡುತ್ತವೆ. ಮದುವೆ ಊಟಗಳಲ್ಲಿ ಜನ ನನ್ನ ಪಕ್ಕದ ಕುರ್ಚಿ ಬಿಟ್ಟು ಕೂರುವುದಕ್ಕೆ ಇದೇ ಕಾರಣ.

ಇಲ್ಲಿನ ಕನ್ನಡದವರು ವರ್ಷಕ್ಕೊಮ್ಮೆ ಒಂದು ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಸೇರುತ್ತಾರೆ. ಸಿನಿಮಾ ಹಾಡಿಗೆ ಮಕ್ಕಳ ಕುಣಿತ, ಅಂತ್ಯಾಕ್ಷರಿ, ಊಟ. ಆ ವರ್ಷ ನಾನು ಒಂದು ನಾಟಕ ಮಾಡೋಣ ಎಂದೆ, ಬ್ಯಾಬಿಲೋನಿನ ಒಂದು ಮಾರಾಟದ ಬಗ್ಗೆ, ಬರೀ ಇಪ್ಪತ್ತು ನಿಮಿಷದ್ದು. ಒಪ್ಪುತ್ತಾರೆಂದು ನಾನೇ ಅಂದುಕೊಂಡಿರಲಿಲ್ಲ. ಪ್ರತಿವರ್ಷ ಜಾದೂ ತೋರಿಸುತ್ತಿದ್ದವರು ಬೆಂಗಳೂರಿಗೆ ವಾಪಸು ಹೋಗಿದ್ದರಿಂದ ಜಾಗ ಖಾಲಿಯಿತ್ತು, ಒಪ್ಪಿದರು.

ಅಂದಿನಿಂದ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಾಲಿನ ಅಂಗಡಿಯಲ್ಲಿ ಮಕ್ಕಳು ಗೊಂಬೆ ಮಾಡುವ ಮಣ್ಣು ಕೊಂಡೆ. ಬೆಣೆಯಾಕಾರದ ಆ ಲಿಪಿಯನ್ನು ಒತ್ತಲು ಏನು ಬಳಸುವುದೆಂದು ಯೋಚಿಸುತ್ತಿದ್ದಾಗ, ನೂಡಲ್ಸ್ ಕಟ್ಟಿಸಿಕೊಂಡು ಬಂದ ಪೊಟ್ಟಣದಲ್ಲಿ ಚೌಕ ತುದಿಯ ಮರದ ಕಡ್ಡಿಗಳಿದ್ದವು. ಅದರ ಮೂಲೆಯನ್ನು ಮಣ್ಣಿಗೆ ಓರೆಯಾಗಿ ಒತ್ತಿದೆ. ಬಿತ್ತು ನೋಡಿ, ಅಚ್ಚುಕಟ್ಟಾದ ಬೆಣೆ. ಮ್ಯೂಸಿಯಮ್ಮಿನ ಗಾಜಿನ ಆಚೆ ನೋಡಿದ್ದ ಗುರುತು ನನ್ನ ಊಟದ ಮೇಜಿನ ಮೇಲೆ. ನೂಡಲ್ಸ್ ಆರಿ ಅಂಟಾದರೂ ನಾನು ಒತ್ತುತ್ತಲೇ ಇದ್ದೆ.

ತಾಲೀಮು ನಡೆದದ್ದು ಮಂಗಳೂರು ಮೂಲದ ಒಂದು ಕ್ರೈಸ್ತ ಕುಟುಂಬದ ಇಲ್ಲಿನ ಮನೆಯಲ್ಲಿ, ಭಾನುವಾರಗಳಂದು, ಅವರು ಇಗರ್ಜಿಯಿಂದ ಬಂದ ಮೇಲೆ. ಗಂಡ ಹೆಂಡತಿ ಇಬ್ಬರೂ ಕಂಪನಿ ಕೆಲಸದವರು. ಮಗಳು ನಮ್ಮ ಕಾಲೇಜಿನಲ್ಲೇ ಓದುತ್ತಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಮಾತ್ರ ಇಂಗ್ಲಿಷ್, ಅದೂ ಮಾತಿನ ಕೊನೆಗೆ 'ಲಾ' ಸೇರಿಸುವ ಇಲ್ಲಿನ ಇಂಗ್ಲಿಷ್. ಯಜಮಾನಿಯ ತಾಯಿಯೂ ಅವರ ಜೊತೆಗಿದ್ದರು. ಮಂಗಳೂರಿನಲ್ಲಿ ಕನ್ನಡ ಶಾಲೆಯ ಟೀಚರಾಗಿದ್ದವರು, ಸೊಂಟದ ಮೂಳೆ ಮುರಿದ ಮೇಲೆ ಗಾಲಿ ಕುರ್ಚಿಯಲ್ಲಿ. ಎಲ್ಲರೂ ಅವರನ್ನು ಮಾಯ್ ಎನ್ನುತ್ತಿದ್ದರು, ಕೊಂಕಣಿಯಲ್ಲಿ ಅಮ್ಮ. ನಾನೂ ಹಾಗೆಯೇ ಕರೆಯುತ್ತಿದ್ದೆ.

ಗಂಡನಿಗೆ ವರ್ತಕನ ಪಾತ್ರ ಕೊಟ್ಟೆ. ಮೊದಲ ದಿನವೇ ಅವರು ಹಾಲಿನ ನಡುವೆ ನಿಂತು ಕೂಗಿದರು.

"ಬನ್ನಿ ಬನ್ನಿ, ಫ್ರೆಶ್ ಉಂಟು, ಇವತ್ತು ಬೆಳಿಗ್ಗೆ ದೋಣಿಯಿಂದ ಇಳಿಸಿದ್ದು."

"ಸರ, ಇದು ಬಂಗುಡೆ ಮೀನು ಅಲ್ರೀ," ಎಂದೆ. "ಮನುಷ್ಯಾರನ್ನ ಮಾರಾಕತ್ತೀರಿ. ಸಣ್ಣ ದನಿಯೊಳಗ, ಮರ್ಯಾದಸ್ಥರ ಗತೆ ಮಾರಬೇಕು. ಇವರು ದೊಡ್ಡ ಮನೆತನದ ವರ್ತಕರು."

"ಮರ್ಯಾದಸ್ಥರು ಮನುಷ್ಯರನ್ನು ಮಾರುದಾ ಮಾಷ್ಟ್ರೆ?"

"ಅವರೇ ಮಾರತಿದ್ರು."

ಕೊಳ್ಳುವ ಹೆಂಗಸು, ಅಂದರೆ ಒಡತಿ, ಮನೆಯ ಯಜಮಾನಿಯೇ. ಆ ಕಾಲದ ಬ್ಯಾಬಿಲೋನಿನಲ್ಲಿ ಹೆಂಗಸರೂ ಗುಲಾಮರನ್ನು ಕೊಳ್ಳುತ್ತಿದ್ದರು, ಹಾಗಾಗಿ ಚಿಂತೆಯಿರಲಿಲ್ಲ. ತೊಂದರೆ ಬಂದದ್ದು ಮಾಯ್ ತಾನು ನ್ಯಾಯಾಧೀಶೆ ಆಗುತ್ತೇನೆ ಎಂದಾಗ.

"ಮಾಯ್, ಬ್ಯಾಬಿಲೋನಿನಾಗ ಹೆಂಗಸರು ನ್ಯಾಯಾಧೀಶರು ಇರತಿರಲಿಲ್ರೀ."

"ಅಲ್ಲಿ ವೀಲ್‌ಚೇರೂ ಇರಲಿಲ್ಲ. ನಾನೆಂತ ಮಾಡುದು, ಎದ್ದು ನಡೆಯುದಾ?"

ಮಾಯ್ ನ್ಯಾಯಾಧೀಶೆಯಾದರು. ನಾನು ಹಲಗೆ ಬರೆಯುವ ಲಿಪಿಕಾರ. ಮಗಳು ದಾಸಿ. ಅವಳಿಗೆ ನಾನು ಒಂದು ಮಾತನ್ನೂ ಬರೆದಿರಲಿಲ್ಲ. ಮಾರಾಟದ ಹಲಗೆಗಳಲ್ಲಿ ಮಾರುವವನ ಮಾತು ಇರುತ್ತದೆ, ಕೊಳ್ಳುವವನ ಹೆಸರು, ಬೆಲೆ, ಸಾಕ್ಷಿಗಳು ಇರುತ್ತಾರೆ. ಮಾರಾಟವಾಗುವವರು ಬಾಯಿ ತೆರೆಯುವುದಿಲ್ಲ. ಇದ್ದದ್ದು ಇದ್ದ ಹಾಗೆ ತೋರಿಸಬೇಕೆಂಬುದು ನನ್ನ ಹಟ.

"ಅಂಕಲ್, ಐ ಜಸ್ಟ್ ಸ್ಟ್ಯಾಂಡ್ ದೇರ್? ಲೈಕ್ ಫರ್ನಿಚರ್?" ಎಂದಳು.

"ಹೌದವಾ. ಅದೇ ಅದರ ಶಕ್ತಿ."

"ಶಕ್ತಿ ಫಾರ್ ಯೂ ಲಾ, ಅಂಕಲ್."

ಆ ಮನೆಯಲ್ಲಿ ಇನ್ನೊಬ್ಬಳಿದ್ದಳು. ಕಕಾಕ್ ಎಂದರೆ ಮಲಯ್‌ನಲ್ಲಿ ಅಕ್ಕ. ಮನೆಗೆಲಸದವಳನ್ನು ಇಲ್ಲಿ ಎಲ್ಲರೂ ಹಾಗೆಯೇ ಕರೆಯುವುದು. ಇವಳು ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದವಳು. ಅಲ್ಲಿ ಬಹುಪಾಲು ಕ್ಯಾಥೊಲಿಕರು. ಕ್ಯಾಥೊಲಿಕಳೇ ಬೇಕೆಂದು ಇವರು ಏಜೆಂಟನಿಗೆ ಒತ್ತಿ ಹೇಳಿ ಅವಳನ್ನು ತರಿಸಿಕೊಂಡಿದ್ದರು. ಭಾನುವಾರ ಇಗರ್ಜಿಯಲ್ಲಿ ಮನೆಯವರೆಲ್ಲ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು, ಅವಳೂ ಸೇರಿ. ಮನೆಗೆ ಬಂದ ಮೇಲೆ ಅವಳು ಊಟ ಮಾಡುತ್ತಿದ್ದುದು ಅಡುಗೆಮನೆಯಲ್ಲಿ. ಮಾಯ್‌ಗೆ ಸ್ನಾನ ಮಾಡಿಸುವುದು, ಎತ್ತಿ ಕೂರಿಸುವುದು, ಮಲಗಿಸುವುದು ಎಲ್ಲ ಅವಳದೇ. ದಿನವಿಡೀ ಮಾಯ್ ನೋಡುವ ಕನ್ನಡ ಧಾರಾವಾಹಿಗಳನ್ನು ಪಕ್ಕದಲ್ಲಿ ಕೂತು ನೋಡಿ ನೋಡಿ ಅವಳಿಗೆ ಕನ್ನಡ ಬಂದಿತ್ತು, ಟೀಚರಮ್ಮ ತಪ್ಪು ತಿದ್ದುತ್ತಿದ್ದರು. ಮಗಳು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಕಕಾಕ್ ಮಂಗಳೂರು ಕನ್ನಡದಲ್ಲಿ ಉತ್ತರ ಕೊಡುವುದನ್ನು ಆ ಮನೆಯಲ್ಲಿ ನಾನು ಕೇಳಿದ್ದೇನೆ. ಇದು ಮಾತ್ರ ನಿಜ, ಹಲವು ಸಲ ಕೇಳಿದ್ದೇನೆ.

ಕಕಾಕಳಿಗೂ ಒಬ್ಬ ಮಗಳಿದ್ದಾಳೆ ಎಂದು ನನಗೆ ಹೇಳಿದವಳು ಆ ಮನೆಯ ಹುಡುಗಿಯೇ. ಜೂನಿನಲ್ಲಿ ಕಕಾಕಳ ಮಗಳು ಮೊದಲ ಪರಮಪ್ರಸಾದ ತೆಗೆದುಕೊಳ್ಳುವುದಿತ್ತು. ಕ್ಯಾಥೊಲಿಕರಲ್ಲಿ ಅದು ದೊಡ್ಡ ದಿನ. ಮಗು ಬಿಳಿ ಫ್ರಾಕು ತೊಟ್ಟು, ತಲೆಗೆ ಬಿಳಿ ಪರದೆ ಹಾಕಿ, ಇಗರ್ಜಿಯಲ್ಲಿ ಮೊದಲ ಬಾರಿಗೆ ಪ್ರಸಾದ ನಾಲಿಗೆಗೆ ತೆಗೆದುಕೊಳ್ಳುತ್ತದೆ. ಆ ಮಗು ತೊದಲು ಮಾತಾಡುತ್ತಿದ್ದಾಗ ಬಿಟ್ಟು ಬಂದವಳು ಕಕಾಕ್, ಆಮೇಲೆ ಹೋಗಿಯೇ ಇರಲಿಲ್ಲ. ಆ ಒಂದು ದಿನಕ್ಕೆ ಊರಿಗೆ ಹೋಗಬೇಕೆಂದು ಕೇಳಿದ್ದಳು. ಯಜಮಾನಿ ಮೊದಲು ಆಗಲಿ ಎಂದವರು ಆಮೇಲೆ ಕ್ರಿಸ್ಮಸ್ಸಿಗೆ ಹೋಗು ಎಂದರು. ಅವಳ ಪಾಸ್‌ಪೋರ್ಟು ಮಹಡಿಯ ಮೇಲೆ ಅವರ ಕಪಾಟಿನಲ್ಲಿತ್ತು. ಇನ್ನೊಬ್ಬರ ಪಾಸ್‌ಪೋರ್ಟನ್ನು ಹಾಗೆ ಇಟ್ಟುಕೊಳ್ಳುವುದು ಇಲ್ಲಿನ ಕಾನೂನಿಗೆ ವಿರುದ್ಧ. ಹಾಗೆ ಇಟ್ಟುಕೊಂಡ ಮನೆಗಳು ಎಷ್ಟೋ ಇವೆ.

ಒಂದು ಭಾನುವಾರ ಚಹಾ ಕುಡಿಯುವಾಗ ಯಜಮಾನಿ ತಾವಾಗಿಯೇ ಮಾತು ತೆಗೆದರು. ಮಗಳು ನನಗೆ ಹೇಳಿದ್ದು ಗೊತ್ತಾಗಿರಬೇಕು.

"ಮಾಷ್ಟ್ರೆ, ನಾನು ಕೆಟ್ಟವಳಲ್ಲ. ಹಿಂದಿನ ಬೀದಿಯವರ ಕಕಾಕ್ ಹೀಗೆಯೇ ಹದಿನೈದು ದಿನಕ್ಕೆ ಅಂತ ಹೋದದ್ದು. ಹೋದದ್ದು ಹೋದದ್ದೇ. ಮಾಯಿಯನ್ನು ಇಟ್ಕೊಂಡು ನಾನೆಂತ ಮಾಡುದು? ಏಜೆಂಟ್ ಸುರುವಿಗೆ ಗ್ಯಾರಂಟಿ ಕೊಟ್ಟಿದ್ದ, ಇಷ್ಟು ತಿಂಗಳ ಒಳಗೆ ಓಡಿಹೋದ್ರೆ ಬೇರೆಯವರನ್ನು ಕೊಡುದು, ಮೆಡಿಕಲ್‌ನಲ್ಲಿ ಫೇಲಾದ್ರೆ ಬೇರೆಯವರನ್ನು ಕೊಡುದು ಅಂತ. ಅದೆಲ್ಲ ಮುಗ್ದು ವರ್ಷಗಟ್ಟಲೆ ಆಯ್ತು."

ನನ್ನ ಕೈಯಲ್ಲಿದ್ದ ಚಹಾ ಚೆಲ್ಲಿತು. "ಅಕ್ಕಾರ, ಇನ್ನೊಮ್ಮೆ ಹೇಳ್ರಿ. ಓಡಿಹೋದ್ರ ಗ್ಯಾರಂಟಿ, ಜಡ್ಡು ಬಂದ್ರ ಗ್ಯಾರಂಟಿ. ಬ್ಯಾರೆಯವರ ಹಕ್ಕು ಇಲ್ಲ ಅಂತೂ ಹೇಳಿದ್ನೇನು?"

"ಹೇಳಿದ್ದ. ಬೇರೆ ಮನೆಯಲ್ಲಿ ಕೆಲಸಕ್ಕಿಲ್ಲ, ಕೇಸಿಲ್ಲ ಅಂತ."

ನಾನು ಎದ್ದು ನಿಂತೆ. ಹಾಲಿನಲ್ಲಿ ಅತ್ತಿತ್ತ ನಡೆದೆ. ಮಣ್ಣಿನ ಹಲಗೆಯ ಮಾತುಗಳು, ಹೆಚ್ಚುಕಡಿಮೆ ಅವೇ, ಈ ಸೋಫಾದ ಮೇಲೆ ಕೂತ ಹೆಂಗಸಿನ ಬಾಯಿಂದ ಬರುತ್ತಿವೆ. ವರ್ಷಗಟ್ಟಲೆ ಓದಿದ್ದು ಎಲ್ಲಿಂದಲೋ ಎದ್ದು ಬಂದು ಎದುರು ನಿಂತಂತೆ ಆಯಿತು. ಇದರ ಮೇಲೆ ಒಂದು ಪ್ರಬಂಧ ಬರೆಯಬಹುದು, ಬೇಡ, ಪುಸ್ತಕವೇ ಬರೆಯಬಹುದು ಎಂದು ಗಟ್ಟಿಯಾಗಿ ಹೇಳಿದೆ. ಆಗ ಕಕಾಕ್ ಬಂದು ಚೆಲ್ಲಿದ ಚಹಾ ಒರೆಸಿದಳು.

ಮಗಳು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. "ಅಂಕಲ್, ಯೂ ಆರ್ ಎಂಜಾಯಿಂಗ್ ದಿಸ್ ಟೂ ಮಚ್," ಎಂದಳು. ಹಾಗೆ ಎಂದಳೆಂದು ನನ್ನ ನೆನಪು. ಹಾಗೆ ಎಂದಿಲ್ಲವೆಂದು ಅವಳ ವಾದ. ಎಂದಿದ್ದರೆ ತಪ್ಪಿರಲಿಲ್ಲ ಎಂದೂ ಸೇರಿಸುತ್ತಾಳೆ.

ನಾಟಕಕ್ಕೆ ಒಂದು ವಾರ ಉಳಿದಿದ್ದ ಭಾನುವಾರ ನಾನು ಕಪ್ಪು ಮಾರ್ಕರ್ ಪೆನ್ನು ತಂದೆ. ಬ್ಯಾಬಿಲೋನಿನಲ್ಲಿ ಎಷ್ಟೋ ಸಲ ಗುಲಾಮರ ಕೈ ಮೇಲೆ ಒಡೆಯನ ಹೆಸರಿನ ಗುರುತು ಹಾಕುತ್ತಿದ್ದರು, ಕೆಲವೊಮ್ಮೆ ಎರಡು ಲಿಪಿಗಳಲ್ಲಿ. ಓಡಿಹೋದರೆ ಯಾವ ಊರಿನಲ್ಲಿ ಸಿಕ್ಕಿದರೂ ಯಾರ ಆಳೆಂದು ತಿಳಿಯಬೇಕಲ್ಲ. ನಮ್ಮ ನಾಟಕದ ಕೊನೆ ಇದೇ: ಹಲಗೆ ಬರೆದು ಮುಗಿದ ಮೇಲೆ ಒಡತಿ ದಾಸಿಯ ಬಲಗೈ ಹಿಡಿದು, ಪ್ರೇಕ್ಷಕರ ಕಡೆ ತಿರುಗಿಸಿ, ತನ್ನ ಹೆಸರು ಬರೆಯುತ್ತಾಳೆ. ದೀಪ ಆರುತ್ತದೆ. ಈ ಕೊನೆಯನ್ನು ನೆನೆಸಿಕೊಂಡು ನಾನು ಕಾರಿನಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದ್ದೆ.

ಮಗಳು ಅಂದು ಗೆಳತಿಯರ ಜೊತೆ ಯಾವುದೋ ಅಸೈನ್ಮೆಂಟಿಗೆ ಹೋದವಳು ಬಂದಿರಲಿಲ್ಲ. ಜಾಗಕ್ಕೆ ಯಾರಾದರೂ ನಿಲ್ಲಬೇಕಿತ್ತು. ಕಕಾಕಳನ್ನು ಕರೆದವರು ಯಾರು ಎಂಬುದೂ ಈಗ ಜಗಳದ ವಿಷಯ. ಯಜಮಾನಿ ನಾನೆನ್ನುತ್ತಾರೆ, ನನಗೆ ಮಾಯ್ ಕರೆದ ಹಾಗೆ ನೆನಪು. ಮಾತಿಲ್ಲದ ಪಾತ್ರ, ಸುಮ್ಮನೆ ನಿಂತರಾಯಿತು. ಅವಳು ಕೈ ಒರೆಸಿಕೊಂಡು ಬಂದು ನಿಂತಳು. ಗಂಡ ವರ್ತಕನಾಗಿ ಸಣ್ಣ ದನಿಯಲ್ಲಿ, ಮರ್ಯಾದಸ್ಥರ ಹಾಗೆ, ಭರವಸೆಗಳನ್ನು ಒಪ್ಪಿಸಿದರು. ನಾನು ಕಡ್ಡಿಯಿಂದ ಮಣ್ಣಿಗೆ ಒತ್ತಿದೆ. ಮಾಯ್ ಕುರ್ಚಿಯಿಂದ ತಲೆಯಾಡಿಸಿದರು.

ಯಜಮಾನಿ ಪೆನ್ನಿನ ಮುಚ್ಚಳ ತೆಗೆದು ಅವಳ ಬಲಗೈ ಹಿಡಿದರು. ತಮ್ಮ ಹೆಸರಿನ ಮೊದಲ ಅಕ್ಷರ ಬರೆದರು. ಆ ಮಾರ್ಕರಿನ ಘಾಟು ವಾಸನೆ ಕೋಣೆಯೆಲ್ಲ ಹರಡಿತು. ಎರಡನೆಯ ಅಕ್ಷರಕ್ಕೆ ಪೆನ್ನು ಇಳಿಯಲಿಲ್ಲ.

ಅವರು ಕೈ ಬಿಡಲೂ ಇಲ್ಲ, ಬರೆಯಲೂ ಇಲ್ಲ. ನಾನು, "ಬರೀರಿ ಅಕ್ಕಾರ, ಇದು ಕ್ಲೈಮ್ಯಾಕ್ಸ್," ಎಂದಿರಬೇಕು. ಆಗ ಕಕಾಕ್ ಆ ಮಾತು ಹೇಳಿದಳು. ನನ್ನ ನೆನಪಿನ ಕನ್ನಡದಲ್ಲಿ ಅದು ಹೀಗಿದೆ:

"ಬರೀರಿ ಮ್ಯಾಮ್. ಪೂರ್ತಿ ಬರೀರಿ. ಹೆಸರು ಉಂಟಲ್ಲ, ಮತ್ತೆ ನಾನು ಎಲ್ಲಿ ಹೋದ್ರೂ ನಿಮ್ಮವಳು ಅಂತ ಗೊತ್ತಾಗ್ತದೆ. ಮತ್ತೆ ನಿಮಗೆ ಪಾಸ್‌ಪೋರ್ಟ್ ಬೇಡ. ಅದು ನಂಗೆ ಕೊಡಿ."

ಅಳುತ್ತಾ ಹೇಳಲಿಲ್ಲ. ಮಾಯ್‌ಗೆ ಮಾತ್ರೆ ತಿನ್ನಿಸುವಾಗ ಪುಸಲಾಯಿಸುತ್ತಾಳಲ್ಲ, ಆ ದನಿ. ಮುಖದಲ್ಲಿ ನಗುವೂ ಇತ್ತು. ಗಂಡ ಜೋರಾಗಿ ನಕ್ಕರು, ಜೊತೆಗೆ ಯಾರೂ ನಗದಿದ್ದರಿಂದ ನಿಲ್ಲಿಸಿದರು.

"ಎಂತ ಮಾತಾಡುದು ನೀನು, ಮಾಷ್ಟ್ರ ಎದುರಿಗೆ," ಎಂದರು ಯಜಮಾನಿ. ಅವರ ಕಿವಿ ಕೆಂಪಾಗಿತ್ತು.

ಮಾಯ್ ಕುರ್ಚಿಯ ಕೈ ಮೇಲೆ ತಟ್ಟಿದರು. "ಸುಮ್ಮನಿರಿ ಎಲ್ಲ. ಕೋರ್ಟು ನಡೀತಾ ಉಂಟು." ಆಮೇಲೆ ಕಕಾಕಳ ಕಡೆ ತಿರುಗಿ, "ಯಾವ ದಿನ ಮಗುವಿನ ಕಾರ್ಯ?"

"ಬರುವ ಭಾನುವಾರ ಅಲ್ಲ, ಅದರ ಆಚೆ ಭಾನುವಾರ, ಮಾಯ್."

"ಕೊಂಡವರು ಎಂತ ಹೇಳ್ತೀರಿ?"

"ಮಾಯ್, ಇದು ನಾಟಕ ಅಲ್ಲ," ಎಂದರು ಯಜಮಾನಿ. "ನಿಮ್ಮನ್ನು ಬಾತ್‌ರೂಮಿಗೆ ಯಾರು ಕರ್ಕೊಂಡು ಹೋಗುದು?"

"ನೀನು ಕರ್ಕೊಂಡು ಹೋಗು. ಹುಟ್ಟಿದಾಗಿಂದ ನಾನು ನಿನ್ನನ್ನು ಕರ್ಕೊಂಡು ಹೋಗಿಲ್ವಾ? ಆಫೀಸಿಗೆ ರಜೆ ಹಾಕು. ರಜೆ ಉಂಟಲ್ಲ ನಿನಗೆ?"

"ಇವಳು ವಾಪಸು ಬಾರದಿದ್ರೆ?"

ಮಾಯ್ ಕಕಾಕಳನ್ನು ನೋಡಿದರು. "ಬರ್ತೀಯಾ?"

"ಬರ್ತೇನೆ. ನೀವು ಸೀರಿಯಲ್ ನಡುವೆ ನಿದ್ದೆ ಮಾಡ್ತೀರಿ. ಮತ್ತೆ ಕಥೆ ಎಂತ ಆಯ್ತು ಅಂತ ಯಾರು ಹೇಳುದು ನಿಮಗೆ?"

ಯಜಮಾನಿ ಇನ್ನೂ ಆ ಕೈ ಹಿಡಿದೇ ಇದ್ದರು. ಅವರ ಕಣ್ಣು ಗೋಡೆಯ ಕಡೆ ಹೋಯಿತು. ಅಲ್ಲಿ ಅವರ ಮಗಳ ಪರಮಪ್ರಸಾದದ ದೊಡ್ಡ ಫೋಟೊ ಇತ್ತು, ಮಂಗಳೂರಿನ ಇಗರ್ಜಿಯ ಮೆಟ್ಟಿಲ ಮೇಲೆ ತೆಗೆದದ್ದು, ಸುತ್ತ ನೆಂಟರ ಹಿಂಡು. ಆ ಒಂದು ದಿನಕ್ಕೆಂದು ಇಡೀ ಮನೆ ಮಲೇಷ್ಯಾದಿಂದ ಮಂಗಳೂರಿಗೆ ಹೋಗಿತ್ತು. ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಮೆಟ್ಟಿಲು ಹತ್ತಿದರು.

ಬೀಗದ ಕೈ ಗೊಂಚಲಿನ ಸದ್ದು ಕೇಳಿತು. ಕಪಾಟಿನ ಬಾಗಿಲು ಕಿರುಗುಟ್ಟಿತು. ಹಲಗೆಯ ಮೇಲೆ ಇಟ್ಟಿದ್ದ ನನ್ನ ಹೆಬ್ಬೆರಳು ಮಣ್ಣಿನೊಳಗೆ ಹೂತುಹೋಗಿದೆ ಎಂಬುದು ಆಮೇಲೆ ಗೊತ್ತಾಯಿತು. ಕಕಾಕ್ ಮೇಲೆ ನೋಡಲಿಲ್ಲ. ಮಾಯಿಯ ಸೆರಗು ಗಾಲಿಗೆ ಸಿಕ್ಕುತ್ತಿತ್ತು, ಅದನ್ನು ಬಗ್ಗಿ ಬಿಡಿಸಿದಳು. ಯಜಮಾನಿ ಕೆಳಗೆ ಬಂದು ಪಾಸ್‌ಪೋರ್ಟನ್ನು ಅವಳ ಕೈಗೆ ಕೊಟ್ಟರು, ಒಂದಕ್ಷರ ಬರೆದಿದ್ದ ಅದೇ ಕೈಗೆ. ಕೊಟ್ಟ ಮೇಲೆ ಸೋಫಾದಲ್ಲಿ ಕೂತು ಕೊಂಕಣಿಯಲ್ಲಿ ಏನೋ ಹೇಳಿದರು. ಕಕಾಕ್ ಅದಕ್ಕೆ ಕೊಂಕಣಿಯಲ್ಲೇ ಉತ್ತರ ಕೊಟ್ಟಳು. ಏನೆಂದು ನಾನು ಕೇಳಲಿಲ್ಲ.

ಪಾಸ್‌ಪೋರ್ಟಿನ ಜೊತೆ ಅವರು ಫೋಟೊದಲ್ಲಿದ್ದ ಆ ಬಿಳಿ ಫ್ರಾಕನ್ನೂ ತಂದರು ಎಂದು ನನ್ನ ನೆನಪು ಹೇಳುತ್ತದೆ. ಇದನ್ನು ಮಾತ್ರ ನಾನು ಸುಲಭವಾಗಿ ನಂಬುವುದಿಲ್ಲ. ತೀರಾ ಚೆಂದವಾಗಿದೆ.

ಮನೆಗೆ ಬಂದವನು ನಾಟಕವನ್ನು ಹರಿದು ಮತ್ತೆ ಬರೆದೆ. ಮಾರಾಟದ ಹಲಗೆಗಳಲ್ಲಿ ಗುಲಾಮರು ಮಾತಾಡುವುದಿಲ್ಲ, ನಿಜ. ಆದರೆ ನ್ಯಾಯಸ್ಥಾನದ ಹಲಗೆಗಳಲ್ಲಿ ಮಾತಾಡುತ್ತಾರೆ. ತಾನು ಸ್ವತಂತ್ರ ಮನೆತನದವನು, ಗುಲಾಮನಲ್ಲ ಎಂದು 'ನಾನು' ಎಂಬ ಮಾತಿನಲ್ಲೇ ಶುರು ಮಾಡಿ ನ್ಯಾಯಾಧೀಶರ ಎದುರು ಹೇಳಿದವರಿದ್ದಾರೆ. ನ್ಯಾಯಾಧೀಶರು ಪುರಾವೆ ಕೇಳಿದ್ದೂ ದಾಖಲಾಗಿದೆ. ನಾನು ಪಾಠದಲ್ಲೇ ಹೇಳುವ ವಿಷಯ. ಹುಡುಗಿಗೆ ಒಂದಿಡೀ ಪುಟ ಮಾತು ಬರೆದುಕೊಟ್ಟೆ. ಅವಳು ಓದಿ, "ನೌ ಟೂ ಮಚ್ ಲೈನ್ಸ್, ಅಂಕಲ್," ಎಂದಳು.

ಕಕಾಕ್ ಹೊರಟದ್ದು ಶುಕ್ರವಾರ. ಅಂದು ಹುಡುಗಿಯ ಅಪ್ಪನಿಗೆ ಮೆಲಾಕಾದಲ್ಲಿ ಕೆಲಸವಿತ್ತು, ಅಮ್ಮ ರಜೆ ಹಾಕಿ ಮಾಯ್ ಜೊತೆ ಉಳಿದರು. ಕಕಾಕಳನ್ನು ವಿಮಾನ ನಿಲ್ದಾಣಕ್ಕೆ ಬಿಡುವ ಕೆಲಸ ನನ್ನದೂ ಆ ಹುಡುಗಿಯದೂ ಆಯಿತು. ದಾರಿಯಲ್ಲಿ ಒಂದು ಮಾಮಕ್, ಅಂದರೆ ತಮಿಳು ಮುಸ್ಲಿಮರ ಹೋಟೆಲಿನ ಮುಂದೆ ಕಾರು ನಿಲ್ಲಿಸಲು ಹೇಳಿ ಹುಡುಗಿ ಅವಳಿಗೆ ನಾಸಿ ಲೆಮಾಕ್, ತೆಂಗಿನ ಹಾಲಿನ ಅನ್ನ, ಕಟ್ಟಿಸಿಕೊಟ್ಟಳು. ಪುತ್ರಜಯಾ ದಾಟುವಾಗ ರಸ್ತೆ ಅಗಲವಾಗಿ ಖಾಲಿಯಾಗಿತ್ತು, ನಾನು ಜೋರಾಗಿ ಓಡಿಸುತ್ತಾ ಬ್ಯಾಬಿಲೋನಿನ ಬಗ್ಗೆ ಮಾತಾಡುತ್ತಿದ್ದೆ. ಪಕ್ಕದಲ್ಲಿ ಕೂತ ಕಕಾಕ್ ಆಗಾಗ ಚೀಲದ ಜಿಪ್ ತೆಗೆದು ಪಾಸ್‌ಪೋರ್ಟ್ ಮುಟ್ಟಿ ನೋಡಿ ಮತ್ತೆ ಹಾಕುತ್ತಿದ್ದಳು. ಕೈ ಮೇಲಿನ ಅಕ್ಷರ ತಿಕ್ಕಿ ತಿಕ್ಕಿ ಬೂದು ಬಣ್ಣಕ್ಕೆ ತಿರುಗಿತ್ತು.

"ಮಾಷ್ಟ್ರೆ, ಕೋರ್ಟಿಗೆ ಹೋದವರದ್ದು ಎಂತ ಆಯ್ತು?"

"ಒಬ್ಬಾಂವ ಸೋತ. ಇನ್ನೊಂದು ಹಲಗಿ ಅರ್ಧಕ್ಕ ಮುರದೈತಿ. ಏನಾತು ಗೊತ್ತಿಲ್ಲ."

"ಸೀರಿಯಲ್ ಹಾಗೆಯೇ," ಎಂದಳು. "ಇವತ್ತಿನದ್ದು ಮುಗೀತು. ನಿಮಗೆ ಇಷ್ಟು ವರ್ಷದಿಂದ ನಾಳೆಯದ್ದು ಸಿಗಲೇ ಇಲ್ವಾ?"

ಹಿಂದಿನ ಸೀಟಿನಲ್ಲಿ ಹುಡುಗಿ ನಕ್ಕು ನಕ್ಕು ಕೆಮ್ಮಿದಳು.

ಕಕಾಕ್ ಬಾಲಿಯಲ್ಲಿ ಇಳಿದು, ಅಲ್ಲಿಂದ ಫ್ಲೋರೆಸಿಗೆ ಸಣ್ಣ ವಿಮಾನ ಹತ್ತಬೇಕಿತ್ತು. ಮಗುವಿನ ಕಾರ್ಯಕ್ಕೆ ಇನ್ನೂ ಒಂದು ವಾರಕ್ಕಿಂತ ಹೆಚ್ಚು ಸಮಯವಿತ್ತು. ಶನಿವಾರ ನಮ್ಮ ನಾಟಕ. ವರ್ತಕ ಮತ್ತೆ ಬಂಗುಡೆ ಮಾರುವವನಂತೆ ಕೂಗಿದರು, ಜನ ಬಿದ್ದು ಬಿದ್ದು ನಕ್ಕರು. ಹುಡುಗಿ ತನ್ನ ಮಾತುಗಳನ್ನು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು, ಊಟದ ಸಾಲಿಗೆ ಎದ್ದವರೂ ಮತ್ತೆ ಕೂತರು. ಕೊನೆಯಲ್ಲಿ ಯಾರ ಕೈ ಮೇಲೂ ಯಾರೂ ಹೆಸರು ಬರೆಯಲಿಲ್ಲ. ಪರದೆ ಎಳೆದ ಕೂಡಲೇ ಯಜಮಾನಿ ಫೋನು ಹಿಡಿದು ನನ್ನ ಹತ್ತಿರ ಓಡಿ ಬಂದರು.

"ಮಾಷ್ಟ್ರೆ, ಅಲ್ಲಿ ಜ್ವಾಲಾಮುಖಿ ಬೂದಿಯಂತೆ. ಫ್ಲೋರೆಸಿನ ವಿಮಾನ ಎಲ್ಲ ನಿಂತಿದೆಯಂತೆ. ಅವಳು ಬಾಲಿಯಲ್ಲೇ ಇದ್ದಾಳೆ."

ಅಂದಿನಿಂದ ನಮಗೆ ಬೇರೆ ಮಾತಿಲ್ಲ. ನಾನು ಕ್ಲಾಸಿನ ನಡುವೆ ಫೋನು ನೋಡುತ್ತಿದ್ದೆ. ಇವತ್ತು ಹಾರುತ್ತದೆ ಎಂದು ಬೆಳಿಗ್ಗೆ, ಇಲ್ಲ ಎಂದು ಸಂಜೆ. ಹಡಗಿನಲ್ಲಿ ಹೋಗು ಎಂದು ಯಜಮಾನಿ ಅವಳಿಗೆ ಹೇಳುತ್ತಿದ್ದರು, ವಾಪಸು ಬಾ ಎಂದಲ್ಲ. ಮಾಯಿಯನ್ನು ಒಂದು ಕೈಯಲ್ಲಿ ಎತ್ತಿ ನಿಲ್ಲಿಸುತ್ತಾ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಬಾಲಿಯ ಯಾವುದೋ ಕೌಂಟರಿನವನ ಜೊತೆ ಮಲಯ್‌ನಲ್ಲಿ ಜಗಳವಾಡುವುದನ್ನು ನಾನೇ ನೋಡಿದೆ. ಮಾಯ್, "ಮೊದಲು ನನ್ನನ್ನು ಕೂರಿಸು, ಮತ್ತೆ ಬೈ," ಎನ್ನುತ್ತಿದ್ದರು. ವಾರದ ಕೊನೆಯ ಹೊತ್ತಿಗೆ ಬೂದಿ ಸರಿದು ದ್ವೀಪದ ಆಚೆ ತುದಿಗೆ ಒಂದು ವಿಮಾನ ಹೋಯಿತು, ಅಲ್ಲಿಂದ ಬೆಟ್ಟದ ರಸ್ತೆಯಲ್ಲಿ ಬಾಡಿಗೆ ಕಾರಿನಲ್ಲಿ ಅವಳು ಹೊರಟಳು, ಆಮೇಲೆ ಫೋನು ಸಿಗಲಿಲ್ಲ. ಭಾನುವಾರ ಪೂರ್ತಿ ಸಿಗಲಿಲ್ಲ. ಸೋಮವಾರ ಒಂದು ಸಂದೇಶ ಬಂತು, ಎಲ್ಲ ಚೆನ್ನಾಗಿ ಆಯಿತು ಎಂದು.

ಯಜಮಾನಿ ಸಕ್ಕರೆ ಹಂಚಿದರು. ನನಗೆ ಅನುಮಾನ. ಎಲ್ಲ ಚೆನ್ನಾಗಿ ಆಯಿತು ಎಂದರೆ ಕಾರ್ಯ ಚೆನ್ನಾಗಿ ಆಯಿತೆಂದೋ, ಅವಳು ತಲುಪಿದ್ದಳೆಂದೋ? ಇಷ್ಟೆಲ್ಲ ಆದಮೇಲೆ ತಡವಾಯಿತೆಂದು ಮ್ಯಾಮ್‌ಗೆ ಹೇಳಲು ಯಾರಿಗೆ ಮನಸ್ಸು ಬರುತ್ತದೆ? ಜನ ಕಥೆಗೆ ಒಪ್ಪುವ ಕೊನೆಯನ್ನು ಕೊಡುತ್ತಾರೆ. ನಾನೂ ಕೊಡುತ್ತೇನೆ.

ಜುಲೈಯಲ್ಲಿ ಅವಳು ಹೇಳಿದ್ದ ದಿನಕ್ಕೇ ವಾಪಸು ಬಂದಳು, ಮಾಯ್‌ಗೆ ಅವಳ ಊರಿನ ಕಾಫಿಪುಡಿ ತಂದಳು, ತಾನಿಲ್ಲದ ದಿನಗಳ ಧಾರಾವಾಹಿಯ ಕಥೆಯನ್ನು ಮಾಯ್ ಬಾಯಿಂದ ಕೇಳಿಸಿಕೊಂಡು ಎಲ್ಲ ತಪ್ಪೆಂದು ಹೇಳಿದಳು. ಪಾಸ್‌ಪೋರ್ಟು ಈಗ ಅಡುಗೆಮನೆಯ ಬಾಗಿಲ ಹಿಂದೆ ತೂಗುವ ಅವಳ ಚೀಲದಲ್ಲಿರುತ್ತದೆ. ನಾನು ಒಂದು ಭಾನುವಾರ ಹೋಗಿ, ಯಾರೂ ಇಲ್ಲದಾಗ, ಆ ದಿನ ನೀನು ಸಮಯಕ್ಕೆ ಸರಿಯಾಗಿ ತಲುಪಿದೆಯಾ ಎಂದು ನೇರವಾಗಿ ಕೇಳಿದೆ.

"ನಿಮಗೆ ನಂಬಿಕೆಯೇ ಇಲ್ಲ ಮಾಷ್ಟ್ರೆ," ಎಂದು ಫೋನು ತೆಗೆದು ನನ್ನ ಕೈಗೆ ಕೊಟ್ಟಳು.

ಇಗರ್ಜಿಯ ಹೊರಗೆ, ತಗಡಿನ ಚಾವಣಿಯ ಕೆಳಗೆ, ಬಿಳಿ ಫ್ರಾಕಿನ ಮಗು. ಫ್ರಾಕು ಗೋಡೆಯ ಫೋಟೊದಲ್ಲಿ ಇರುವುದೇ ಹೌದೋ ಅಲ್ಲವೋ ನಾನು ಹೇಳಲಾರೆ; ಬಿಳಿ ಫ್ರಾಕುಗಳೆಲ್ಲ ಒಂದೇ ತರಹ. ಮಗುವಿನ ಹಿಂದೆ ಕಕಾಕ್ ನಿಂತಿದ್ದಾಳೆ, ಪ್ರಯಾಣದ ಬಟ್ಟೆಯಲ್ಲೇ, ಕೂದಲು ಕೆದರಿ, ಬಲಗೈಯಲ್ಲಿ ಮಗುವಿನ ತಲೆಯ ಪರದೆ ಸರಿಮಾಡುತ್ತಾ. ಫೋಟೊದ ಮೇಲೆ ತಾರೀಖು, ಗಂಟೆ ನೋಡಿದೆ. ಸಾಲದೆಂದು ಕ್ಯಾಲೆಂಡರ್ ತೆಗೆದು ತಾಳೆ ನೋಡಿದೆ. ಅದು ಆ ಭಾನುವಾರವೇ, ಬೆಳಗಿನ ಪೂಜೆಗೆ ಮೊದಲು.